ಓಮ್ನೀಲಿ ನಾಲ್ಕು ಜನ

ಟಿವೀಲಿ ತೋರಿಸ್ತಾರಲ್ಲ, ಮಂಚ, ಒಲೆ, ಬಚ್ಚಲು ಎಲ್ಲಾ ಇರೋ ದೊಡ್ಡ ವ್ಯಾನು, ಅದಕ್ಕೆ ಕಾರವಾನ್ ಅಂತಾರಂತೆ. ನಮ್ಮದು ಹಳೇ ಓಮ್ನಿ. ಹಿಂದಿನ ಸೀಟು ಬಿಚ್ಚಿಸಿ ಹತ್ತಿ ಹಾಸಿಗೆ ಹಾಸಿದ್ರೆ ಅದೇ ಕಾರವಾನು. ಸಂಕ್ರಾಂತಿ ಆದ್ಮೇಲೆ ನಾನು, ನಮ್ಮ ಯಜಮಾನ್ರು, ನಾಯಿ ಕರಿಯ, ಬೆಕ್ಕು ಚಿನ್ನಿ, ಮೂರು ದಿನ ಸುತ್ತಾಡಿ ಬಂದ್ವಿ.

ಈ ವಯಸ್ಸಲ್ಲಿ ಇದ್ಯಾಕೆ ಅಂತೀರಾ? ಮಗ ಬೆಂಗಳೂರಿಗೆ ಬಂದ್ಬಿಡಿ ಅಂತಾನೆ. "ಕೆಜಿಎಫ್‌ನಲ್ಲಿ ಇನ್ನೇನೈತಮ್ಮಾ?" ಅಂತ ಅವನ ಮಾತು. ಆದ್ರೆ ಅವನಿರೋ ಬಾಡಿಗೆ ಮನೇಲಿ ನಾಯಿ, ಬೆಕ್ಕು ಬೇಡ ಅಂತಾರಂತೆ ಓನರ್ರು. ಕರಿಯಂಗೆ ಹನ್ನೊಂದು ವರ್ಷ. ಯಾರಿಗೆ ಕೊಟ್ಟು ಹೋಗೋದು? ಯಜಮಾನ್ರು ನಾಲ್ಕು ದಿನ ಬಾಯೇ ಬಿಡಲಿಲ್ಲ. ಐದನೇ ದಿನ, "ಗಾಡಿ ತೆಗೀತೀನಿ, ಅವೆರಡನ್ನೂ ಕರ್ಕೊಂಡು ಒಂದು ಸುತ್ತು ಹೋಗ್ಬರೋಣ" ಅಂದ್ರು.

ಪ್ರಾಣಿಗಳ್ನ ಕರ್ಕೊಂಡು ಹೋಗೋರು ಇಷ್ಟು ನೆನಪಿಟ್ಕೊಳ್ಳಿ. ಹೊರಡೋಕೆ ಮೂರು ಗಂಟೆ ಮುಂಚೇನೇ ಊಟ ಹಾಕಿಬಿಡಿ, ಆಮೇಲೆ ಹಾಕಿದ್ರೆ ಗಾಡೀಲೇ ವಾಂತಿ. ಬೆಕ್ಕಿಗೆ ಮುಚ್ಚಳದ ಬುಟ್ಟಿ, ಒಳಗೆ ನಮ್ಮದೊಂದು ಹಳೇ ಸೀರೆ ತುಂಡು. ಆ ವಾಸನೆಗೆ ಸುಮ್ನಿರ್ತದೆ. ಬಿಸಿಲಲ್ಲಿ ಗಾಡಿ ನಿಲ್ಲಿಸಿ ಒಳಗೆ ಕೂಡಿ ಹಾಕಿ ಮಾತ್ರ ಹೋಗ್ಬೇಡಿ, ಐದು ನಿಮಿಷಕ್ಕೂ ಬೇಡ. ನಮಗೆ ರಾಗಿ ಹಿಟ್ಟು, ಹುಚ್ಚೆಳ್ಳು ಪುಡಿ, ಸಣ್ಣ ಸ್ಟವ್ವು. ಕರಿಯಂಗೆ ಮೊಸರನ್ನ.

ಮೊದಲ ರಾತ್ರಿ ಬೇತಮಂಗಲ. ಎಷ್ಟು ದೂರ ಅಂತ ನಗಬೇಡಿ! ಕರಿಯ ಗಳಿಗೆಗೊಂದು ಸಲ ಇಳೀಬೇಕು, ಮರ ನೋಡಬೇಕು, ಅಂಗಾಗಿ ಸಾಯಂಕಾಲವೇ ಆಯ್ತು. ಕೆರೆ ಹತ್ರ ನೆಂಟರ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ವಿ. ಒಳಗೆ ಬಂದು ಮಲಗಿ ಅಂತ ಅವರು ಎಷ್ಟು ಕರೆದ್ರೂ ಇವರು ಕೇಳಲಿಲ್ಲ. ಪಾಲಾರ್ ನದಿಗೆ ಕಟ್ಟಿದ ಕೆರೆ ಅದು, ನಮ್ಮ ಕೆಜಿಎಫ್ ನಲ್ಲೀಲಿ ಬರ್ತಿದ್ದ ನೀರು ಅಲ್ಲೀದೇ. ಇವರು ಏರಿ ಮೇಲೆ ನಾಯಿ ಪಕ್ಕ ಕೂತ್ಕೊಂಡು, "ಮೈನ್ಸ್ ಕೆಳಗೆ ಸೆಕೆಗೆ ಮೈ ಬೇಯ್ತಿರುವಾಗ ಬಾಟ್ಲೀಲಿ ಇದೇ ನೀರು ಇರ್ತಿತ್ತು ಕಣೇ" ಅಂದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತಿಂದ ಈ ಮನುಷ್ಯ ಕೆಳಗಿನ ಮಾತು ಎತ್ತಿದ್ದೇ ಅಪರೂಪ. ಆ ರಾತ್ರಿ ಹನ್ನೊಂದರ ತನಕ ಹೇಳಿದ್ರು. ಕರಿಯನ ಕಿವಿ ಸವರ್ತಾ ಅದಕ್ಕೇ ಹೇಳಿದಂಗೆ ಹೇಳಿದ್ರು, ನಾನು ಪಕ್ಕದಲ್ಲಿ ಕೇಳಿಸ್ಕೊಂಡೆ.

ಮಾರನೇ ದಿನ ಆವನಿ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ, ನಾಲ್ವರ ಹೆಸರಲ್ಲೂ ಲಿಂಗದ ಗುಡಿ ಐತೆ ಅಲ್ಲಿ, ನೊಳಂಬರ ಕಾಲದ್ದು. ಕರಿಯಂಗೂ ಇವರಿಗೂ ಮಂಡಿ ನೋವು, ಇಬ್ಬರೂ ಕೆಳಗೇ ಉಳಿದ್ರು. ನಾನೊಬ್ಬಳೇ ನಿಧಾನಕ್ಕೆ ಬೆಟ್ಟ ಹತ್ತಿದೆ. ಸೀತಮ್ಮ ಲವಕುಶರನ್ನ ಹೆತ್ತಿದ್ದು ಅಲ್ಲೇ ಅಂತ ನಮ್ಮ ಕಡೆ ನಂಬಿಕೆ. ತುಂಬಿದ ಬಸುರೀನ ಮನೆಯಿಂದ ಕಳಿಸಿದ್ರೆ ಈ ಬಂಡೆಗಳು ಇಟ್ಕೊಂಡ್ವಲ್ಲ ಅಂತ ಅನ್ನಿಸಿ ಅಲ್ಲೇ ಸುಮಾರು ಹೊತ್ತು ಕೂತೆ. ಕೆಳಗಿನಿಂದ ಕರಿಯ ಬೊಗಳಿದ್ದು ಕೇಳಿಸ್ತು, ಕೋತಿ ಬಂದಿತ್ತಂತೆ. ಚಿನ್ನಿ ಬುಟ್ಟಿಯೊಳಗೇ ಬಾಲ ದಪ್ಪ ಮಾಡ್ಕೊಂಡು ಕೂತಿದ್ಲು.

ಮೂರನೇ ದಿನ ಕುರುಡುಮಲೆ ಗಣಪತಿಗೆ ಕೈ ಮುಗಿದು, ಕೋಲಾರದ ಮೇಲೆ ಬಂಗಾರಪೇಟೆಗೆ ಬಂದ್ವಿ. ದಾರೀಲಿ ಸೊಗಡಿನ ಅವರೆಕಾಯಿ ತಗೊಂಡೆ. ಬಂಗಾರಪೇಟೆಗೆ ಬಂದು ಪಾನಿಪುರಿ ತಿನ್ನದೆ ಹೋಗೋದುಂಟೇ? ನೀರು ನೋಡೋಕೆ ತಿಳಿಯಾಗಿ ಬೆಳ್ಳಗೆ, ಬಾಯಿಗೆ ಹಾಕಿದ್ರೆ ಮೂಗಲ್ಲಿ ನೀರು! ಕರಿಯಂಗೆ ಬರೀ ಪೂರಿ ಒಂದು ಕೊಟ್ವಿ.

ಅಲ್ಲೇ ಮಗನ ಫೋನು. "ಏನಪ್ಪಾ ಯೋಚನೆ ಮಾಡಿದ್ರಾ?" ಅಂತ ಕೇಳ್ದ. ಇವರು, "ನಾವು ನಾಲ್ಕು ಜನ ಇದ್ದೀವಪ್ಪಾ. ನಾಲ್ಕು ಜನಕ್ಕೂ ಜಾಗ ಇರೋ ಮನೆ ನೋಡು. ಸಿಗೋವರೆಗೂ ಇಲ್ಲೇ ಇರ್ತೀವಿ" ಅಂದು, ಇನ್ನೊಂದು ಪ್ಲೇಟ್ ಹೇಳಿದ್ರು.

ಮಗ ಈಗ ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆ ಹುಡುಕ್ತಾ ಇದ್ದಾನೆ, ನಮ್ಮೂರ ರೈಲು ನಿಲ್ಲೋ ಕಡೆ ಆದ್ರೆ ಒಳ್ಳೇದು ಅಂತ. ನೆಲಮಹಡಿ ಆಗಬೇಕು, ಮುಂದೆ ಸ್ವಲ್ಪ ಮಣ್ಣು ಇರಬೇಕು. ನಿಮಗೆ ಯಾರಿಗಾದ್ರೂ ಗೊತ್ತಿದ್ರೆ ಹೇಳ್ರಮ್ಮಾ.