ಕಣ್ಣಿಗೆ ಬೀಳದ ತಂತಿ

ನಾವು ನೀಲಗಿರಿಯವರು. ಹೆಲಿಕಾಪ್ಟರ್ ಸದ್ದು ಕೇಳಿದರೆ ಮಕ್ಕಳಷ್ಟೇ ಅಲ್ಲ, ಹಿರಿಯರಾದ ನಾವೂ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುತ್ತೇವೆ. 2021ರ ಡಿಸೆಂಬರ್ 8ರಂದು ಕೂನೂರಿನ ಹತ್ತಿರ ವಾಯುಸೇನೆಯ ಹೆಲಿಕಾಪ್ಟರ್ ಬಿದ್ದು 14 ಮಂದಿ ತೀರಿಕೊಂಡ ಮೇಲೆ ಆ ನೋಟದಲ್ಲಿ ಭಯವೂ ಸೇರಿಕೊಂಡಿದೆ. ಹವಾಮಾನ ಹಠಾತ್ತನೆ ಬದಲಾಗಿ ಅದು ಮೋಡದೊಳಗೆ ಹೊಕ್ಕಿತೆಂದು ತನಿಖೆ ಹೇಳಿತು. ಆದರೆ ಬೆಟ್ಟದ ನಾಡಿನಲ್ಲಿ ಮೋಡದ ಹಾಗೆಯೇ ಹೆದರಬೇಕಾದ ಇನ್ನೊಂದಿದೆ. ಅದು ನಮ್ಮ ತಲೆಯ ಮೇಲೆ ದಿನವೂ ಹಾದುಹೋಗುವ ತಂತಿ.

2019ರ ಆಗಸ್ಟ್‌ನಲ್ಲಿ ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಮೇಘಸ್ಫೋಟವಾಗಿ ಹಳ್ಳಿಗಳು ಕೊಚ್ಚಿಹೋದವು. ಆ ತಿಂಗಳ 21ರಂದು ಅಲ್ಲಿಗೆ ಪರಿಹಾರ ಸಾಮಗ್ರಿ ಒಯ್ದಿದ್ದ ಹೆಲಿಕಾಪ್ಟರ್ ಮೋಲ್ಡಿ ಎಂಬಲ್ಲಿ ತಂತಿಗೆ ಸಿಲುಕಿ ಬಿತ್ತು. ಒಳಗಿದ್ದ ಮೂವರೂ ತೀರಿಕೊಂಡರು. ಹಸಿದವರಿಗೆ ಅನ್ನ ಮುಟ್ಟಿಸಲು ಹೋದವರು ಅವರು.

2025ರ ಮೇ 8ರಂದು ಅದೇ ಜಿಲ್ಲೆಯಲ್ಲಿ ಗಂಗೋತ್ರಿ ಕಡೆಗೆ ಯಾತ್ರಿಕರನ್ನು ಒಯ್ಯುತ್ತಿದ್ದ ಹೆಲಿಕಾಪ್ಟರ್ ಬಿದ್ದು ಆರು ಮಂದಿ ಸತ್ತರು. ಒಬ್ಬರು ಮಾತ್ರ ಉಳಿದರು. ರಸ್ತೆಯ ಮೇಲೆ ಇಳಿಯಲು ಪ್ರಯತ್ನಿಸುವಾಗ ಅದರ ರೆಕ್ಕೆ ರಸ್ತೆಯುದ್ದಕ್ಕೂ ಎಳೆದಿದ್ದ ಫೈಬರ್ ಕೇಬಲ್‌ಗೆ ತಗಲಿತೆಂದು ಪ್ರಾಥಮಿಕ ವರದಿ ತಿಳಿಸಿತು. ಅದು ಕರೆಂಟು ತಂತಿಯೂ ಅಲ್ಲ, ಬರೀ ತೆಳುವಾದ ಒಂದು ಕೇಬಲ್!

ಅಷ್ಟು ಉದ್ದದ ತಂತಿ ಪೈಲಟ್‌ಗೆ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಕೆಳಗಿನಿಂದ ನೋಡುವ ನಮಗೆ ಅದರ ಹಿಂದೆ ಆಕಾಶವಿರುತ್ತದೆ. ಮೇಲಿನಿಂದ ನೋಡುವವರಿಗೆ ಹಿಂದೆ ಕಾಡು, ಬಂಡೆ, ತೋಟ. ಹಳೆಯ ತಂತಿಯ ಮಾಸಿದ ಬಣ್ಣ ಅವುಗಳೊಳಗೆ ಕರಗಿಹೋಗುತ್ತದೆ. ಅದಕ್ಕೇ ತಂತಿ ಹುಡುಕಬೇಡಿ, ಕಂಬ ಹುಡುಕಿ ಎಂದು ಪೈಲಟ್‌ಗಳಿಗೆ ಕಲಿಸುತ್ತಾರೆ. ದೊಡ್ಡ ಟವರ್‌ಗಳ ತುದಿಯಲ್ಲಿ ಸಿಡಿಲಿನಿಂದ ಕಾಪಾಡಲು ಇನ್ನೂ ತೆಳುವಾದ ತಂತಿಯೊಂದು ಇರುತ್ತದೆ. ಕೆಳಗಿನ ದಪ್ಪ ತಂತಿಗಳನ್ನು ಕಂಡು ಮೇಲಕ್ಕೆ ಏರಿದವರು ಈ ತೆಳು ತಂತಿಗೆ ಸಿಕ್ಕಿಬಿದ್ದದ್ದುಂಟು.

ಉಪಾಯಗಳಿವೆ. ಕಣಿವೆ, ನದಿ ದಾಟುವ ತಂತಿಗಳಿಗೆ ಕಿತ್ತಳೆ, ಕೆಂಪು, ಬಿಳಿ ಬಣ್ಣದ ಗುಂಡುಗಳನ್ನು ತೂಗುಹಾಕುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ ಅವು ಕನಿಷ್ಠ 60 ಸೆಂ.ಮೀ. ವ್ಯಾಸದವು. ಕೆಲವು ಹೆಲಿಕಾಪ್ಟರ್‌ಗಳ ಮುಂಭಾಗದಲ್ಲಿ, ಮೇಲೆ ಮತ್ತು ಕೆಳಗೆ, ತಂತಿ ಕತ್ತರಿಸುವ ಹರಿತವಾದ ಅಲಗುಗಳಿರುತ್ತವೆ. ಇದನ್ನು ಕೆನಡಾದಲ್ಲಿ ರೂಪಿಸಿದರು. ಆದರೆ ತಂತಿ ನೇರವಾಗಿ ಎದುರಿಗೆ ಸಿಕ್ಕರೆ ಮಾತ್ರ ಅದು ಉಪಯೋಗ. ಮೇಲಿನ ರೆಕ್ಕೆಗೆ ತಗಲಿದರೆ ಉಪಯೋಗವಿಲ್ಲ.

ನಮ್ಮ ಪಾಲಿಗೂ ಸ್ವಲ್ಪ ಕೆಲಸವಿದೆ. 2024ರ ಜುಲೈ 30ರಂದು ಪಕ್ಕದ ವಯನಾಡಿನ ಚೂರಲ್ಮಲ, ಮುಂಡಕ್ಕೈಯಲ್ಲಿ ಗುಡ್ಡ ಕುಸಿದಾಗ ಜನರನ್ನು ಎತ್ತಿ ತರಲು ಹೆಲಿಕಾಪ್ಟರ್‌ಗಳು ಬಂದವು. ನಾಳೆ ನಮ್ಮ ಶಾಲೆಯ ಮೈದಾನದಲ್ಲೂ ಒಂದು ಇಳಿಯಬೇಕಾಗಬಹುದು. ದೂರದಿಂದ ಬರುವ ಪೈಲಟ್‌ಗೆ ನಮ್ಮೂರಿನ ತಂತಿಗಳು ಗೊತ್ತಿರುವುದಿಲ್ಲ. ಕಂಬಗಳು ಎಲ್ಲಿವೆ, ಯಾವ ತೋಟದ ಮೇಲೆ ತಂತಿ ಹಾದಿದೆ, ಯಾರು ಕೇಬಲ್ ಎಳೆದಿದ್ದಾರೆ ಎಂಬುದು ಗೊತ್ತಿರುವುದು ನಮಗೆ, ನಮ್ಮ ಲೈನ್‌ಮನ್‌ಗೆ. ಅದನ್ನು ಪೊಲೀಸರಿಗೆ, ಅಗ್ನಿಶಾಮಕದವರಿಗೆ ಮೊದಲೇ ತಿಳಿಸೋಣ. ಹಬ್ಬದ ದೀಪದ ಸರಗಳಿಗೆಂದು ಮೈದಾನದ ಅಡ್ಡ ಕಟ್ಟಿದ ತಂತಿಯನ್ನು ಹಬ್ಬ ಮುಗಿದ ಕೂಡಲೇ ಬಿಚ್ಚೋಣ. ನಮ್ಮ ಯುವಕರು ಒಂದು ಭಾನುವಾರ ಮಧ್ಯಾಹ್ನ ಊರು ಸುತ್ತಿ ಇವನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಮಾಡಿಟ್ಟರೆ, ನಮ್ಮನ್ನು ಕಾಪಾಡಲು ಬರುವವರು ಕ್ಷೇಮವಾಗಿ ತಮ್ಮ ಮನೆಗೆ ಮರಳಲು ಅದು ನೆರವಾದೀತು.