ಸಾರಥಿಯ ಅವಧಾನ

ವಾಹನವನ್ನು ನಡೆಯಿಸುವವನು ಕೈಯಲ್ಲಿ ಮೊಬೈಲು ಹಿಡಿದಿರಬಾರದೆಂಬುದು ಈಗ ಚಿಕ್ಕ ಮಕ್ಕಳಿಗೂ ತಿಳಿದ ಮಾತಾಗಿದೆ. ೧೯೮೮ನೆಯ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯು ಅದನ್ನು ಅಪಾಯಕರವಾದ ಚಾಲನೆಯೆಂದು ಹೆಸರೆತ್ತಿಯೇ ಹೇಳಿತು. ಇದು ಯುಕ್ತವೇ ಸರಿ. ಆದರೆ ಮೊಬೈಲನ್ನು ಕಿಸೆಯಲ್ಲಿಟ್ಟವನು ಸಾವಧಾನಚಿತ್ತನೇ ಆಗಿರುವನೆಂಬ ಭ್ರಾಂತಿಯೂ ಇದರೊಡನೆ ಬೆಳೆದಂತೆ ತೋರುತ್ತದೆ. ಚಿತ್ತವನ್ನು ಕದಿಯುವ ಕಳ್ಳನು ಒಬ್ಬನೇ ಅಲ್ಲ. ಮಿಕ್ಕವರು ಬಹುಮಟ್ಟಿಗೆ ನಮ್ಮ ಮನೆಯವರೇ ಆದುದರಿಂದ ಅವರನ್ನು ನಾವು ಕಳ್ಳರೆಂದು ಎಣಿಸುವುದಿಲ್ಲ.

ನಮ್ಮ ಸೀಮೆಯನ್ನೇ ನೋಡೋಣ. ಬ್ರಹ್ಮಾವರದಿಂದ ಕುಂದಾಪುರದ ಮೇಲೆ ಬೈಂದೂರಿಗೆ ಹೋಗುವ ಹೆದ್ದಾರಿಯು ಹಿಂದೆ ೧೭ನೆಯದಾಗಿದ್ದು ಈಗ ೬೬ನೆಯದೆನಿಸಿದೆ. ಅದು ತ್ರಾಸಿಯನ್ನು ದಾಟಿ ಮರವಂತೆಗೆ ಬರುವಾಗ ಎಡಗಡೆ ಕಡಲು, ಬಲಗಡೆ ಸೌಪರ್ಣಿಕಾ ನದಿ. ಅತ್ತ ಕಣ್ಣು ಹೊರಳದಿರುವುದೇ ಕಷ್ಟ. ದೂರದಿಂದ ಬಂದವನು ಸ್ಟಿಯರಿಂಗು ಹಿಡಿದುಕೊಂಡೇ ಸೂರ್ಯಾಸ್ತವನ್ನು ನೋಡುತ್ತಾನೆ. ಮುಂದಿನ ವಾಹನದವನೂ ಅದನ್ನೇ ನೋಡುವುದಕ್ಕಾಗಿ ತಟ್ಟನೆ ವೇಗವನ್ನು ತಗ್ಗಿಸಿರುತ್ತಾನೆ. ಊರಿನವರಾದ ನಮಗೆ ಕಡಲು ಹಳೆಯದು. ಆದರೆ ದಾರಿಯುದ್ದಕ್ಕೂ ದೇವರುಂಟು. ಕುಂಭಾಶಿಯಲ್ಲಿ ಆನೆಗುಡ್ಡೆಯ ದಾರಿ ಬರುತ್ತಲೂ, ಮರವಂತೆಯಲ್ಲಿ ವರಾಹಸ್ವಾಮಿಯ ಗುಡಿ ಬರುತ್ತಲೂ ಎರಡು ಕೈಗಳನ್ನೂ ಬಿಟ್ಟು ಮುಗಿದು, ಕ್ಷಣಕಾಲ ಕಣ್ಣು ಮುಚ್ಚುವವರನ್ನು ಕಂಡಿದ್ದೇನೆ. ಭಕ್ತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮಾನಸಪೂಜೆಯೂ ನಮ್ಮಲ್ಲಿ ಪೂಜೆಯೇ; ಅದಕ್ಕೆ ಕೈಯೂ ಬೇಡ, ಕಣ್ಣು ಮುಚ್ಚುವುದೂ ಬೇಡ.

ಕ್ಷಣವೆಂದರೆ ಎಷ್ಟು? ಇದು ಹಿಂದೆ ತರಗತಿಯಲ್ಲಿ ಹಾಕುತ್ತಿದ್ದಂತಹ ಲೆಕ್ಕ. ಗಂಟೆಗೆ ೬೦ ಕಿಲೋಮೀಟರಿನಂತೆ ಹೋಗುವ ವಾಹನವು ೩ ಸೆಕೆಂಡುಗಳಲ್ಲಿ ೫೦ ಮೀಟರು ಸಾಗುತ್ತದೆ. ಹಾಡನ್ನು ಬದಲಿಸುವುದಕ್ಕೆ, ನೀರಿನ ಬಾಟಲಿಯ ಮುಚ್ಚಳವನ್ನು ತಿರುವುವುದಕ್ಕೆ, ಎಲೆಯಡಿಕೆಯ ಪೊಟ್ಟಣವನ್ನು ಬಿಚ್ಚುವುದಕ್ಕೆ, ಮಳೆಗಾಲದಲ್ಲಿ ಮಂಜು ಕವಿದ ಗಾಜನ್ನು ಬಟ್ಟೆಯಿಂದ ಒರೆಸುವುದಕ್ಕೆ ೩ ಸೆಕೆಂಡು ಸಾಲದು. ಜನರೂ ದನಗಳೂ ದಾಟುವ ದಾರಿಯಲ್ಲಿ ೫೦ ಮೀಟರು ಕುರುಡನಂತೆ ಓಡೆಂದರೆ ಯಾವನೂ ಒಪ್ಪಲಾರನು. ಆದರೂ ದಿನವೂ ಓಡುತ್ತಾನೆ.

ಕಣ್ಣು ದಾರಿಯಲ್ಲಿಯೇ ಇದ್ದರೂ ಸಾಲದು. ಮನಸ್ಸು ಇಂದ್ರಿಯದೊಡನೆ ಕೂಡದೆ ಪ್ರತ್ಯಕ್ಷಜ್ಞಾನವುಂಟಾಗದೆಂದು ನೈಯಾಯಿಕರು ಬಹುಕಾಲದ ಹಿಂದೆಯೇ ಹೇಳಿದರು. ಈಗಿನ ಮನಶ್ಶಾಸ್ತ್ರದ ಪ್ರಯೋಗಗಳೂ ಬೇರೆಡೆಗೆ ಹರಿದ ಮನಸ್ಸುಳ್ಳವನು ಎದುರಿನದನ್ನು ನೋಡಿಯೂ ಕಾಣನೆಂದು ತೋರಿಸಿವೆ. ಮನೆಯಲ್ಲಿ ಜಗಳವಾಡಿ ಹೊರಟವನೂ, ಸಾಲದ ಕಂತನ್ನು ಎಣಿಸುತ್ತ ಹೋಗುವವನೂ ಈ ವರ್ಗಕ್ಕೆ ಸೇರಿದವರೇ.

ಕಳೆದ ವೈಶಾಖದಲ್ಲಿ ಬೈಂದೂರಿನ ಮದುವೆಯೊಂದನ್ನು ಮುಗಿಸಿ ಸೋದರಳಿಯನ ಕಾರಿನಲ್ಲಿ ಹಿಂದಿರುಗುತ್ತಿದ್ದೆವು. ಅವನು ಶಿಸ್ತಿನ ಹುಡುಗ; ಮೊಬೈಲನ್ನು ಮುಟ್ಟುವವನಲ್ಲ. ನಾವುಂದದ ಹತ್ತಿರ ಹಿಂದಿನ ಸೀಟಿನಲ್ಲಿದ್ದ ಅವನ ಮಗಳ ಗೊಂಬೆ ಕೆಳಗೆ ಬಿದ್ದಿತು. ಮಗು ಅತ್ತಿತು. “ನಿಮ್ಮ ಸೀಟಿನ ಅಡಿಗೆ ಹೋಯಿತು” ಎಂದು ತಾಯಿ ಹೇಳಿದಳು. ಅವನು ಒಂದು ಕೈಯನ್ನಿಳಿಸಿ ತಡವಿದನು. ಅಷ್ಟರಲ್ಲಿಯೇ ಕಾರು ರಸ್ತೆಯ ಅಂಚನ್ನು ದಾಟಿ ಮಣ್ಣಿಗಿಳಿದಿತ್ತು. ಮೀನಿನ ಬುಟ್ಟಿಯೊಡನೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಹಿಂದಕ್ಕೆ ಹಾರಿಕೊಂಡಳು, ಬುಟ್ಟಿ ಉರುಳಿತು. ಯಾರಿಗೂ ಗಾಯವಾಗಲಿಲ್ಲ. ಆಕೆ ಬೈಯಲೂ ಇಲ್ಲ. ನಡುಗುವ ಕೈಗಳಿಂದ ಬಂಗುಡೆಗಳನ್ನು ಒಂದೊಂದಾಗಿ ಆಯ್ದುಕೊಳ್ಳುತ್ತ, ತನ್ನ ಮನೆಯಲ್ಲಿಯೂ ಮಕ್ಕಳಿರುವರೆಂದು ಮಾತ್ರ ಹೇಳಿದಳು. ಮೊಬೈಲು ಆಗಲೂ ಅಳಿಯನ ಕಿಸೆಯಲ್ಲಿಯೇ ಇತ್ತು.

ಇದಕ್ಕೆ ಪರಿಹಾರವೇನು? ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವು ಅದನ್ನು ಬಹು ಸೊಗಸಾಗಿ ತೋರಿಸುತ್ತದೆ. ಬಾಹುಕನೆಂಬ ಹೆಸರಿನಿಂದಿದ್ದ ನಳನು ಋತುಪರ್ಣನ ಸಾರಥಿಯಾಗಿ ವಿದರ್ಭಕ್ಕೆ ರಥವನ್ನೋಡಿಸುತ್ತಿದ್ದನು. ರಾಜನ ಉತ್ತರೀಯವು ಜಾರಿಬಿದ್ದಿತು. ರಥವನ್ನು ನಿಲ್ಲಿಸು, ವಾರ್ಷ್ಣೇಯನು ತರುವನೆಂದು ರಾಜನು ಹೇಳುವಷ್ಟರಲ್ಲಿ ಅದು ಒಂದು ಯೋಜನದಷ್ಟು ಹಿಂದೆ ಉಳಿದಿತ್ತು. ನಳನು ಬಿದ್ದುದನ್ನು ಬಿಟ್ಟು ಮುಂದೆ ನಡೆದನು. ಮುಂದೊಂದು ತಾರೆಯ ಮರವನ್ನು ಕಂಡು ರಾಜನು ಅದರ ಎಲೆಕಾಯಿಗಳ ಸಂಖ್ಯೆಯನ್ನು ಹೇಳಿದಾಗ ನಳನಿಗೆ ಅದನ್ನು ಎಣಿಸಿ ನೋಡುವ ಕುತೂಹಲವುಂಟಾಯಿತು. ಆಗ ಅವನೇನು ಮಾಡಿದನು? ಓಡುವ ರಥದಿಂದ ಕತ್ತು ಹೊರಳಿಸಲಿಲ್ಲ. ರಥವನ್ನು ನಿಲ್ಲಿಸಿ ಕೆಳಗಿಳಿದನು. ಹೊತ್ತಾಗುವುದೆಂದು ರಾಜನು ಅವಸರಪಡಿಸಿದಾಗ, ಮುಹೂರ್ತಕಾಲ ಕಾದಿರಿ, ಇಲ್ಲವೆ ವಾರ್ಷ್ಣೇಯನನ್ನು ಸಾರಥಿಯಾಗಿ ಮಾಡಿಕೊಂಡು ನಡೆಯಿರಿ ಎಂದನು.

ಸಾರಥ್ಯದ ಧರ್ಮವೆಲ್ಲ ಇಷ್ಟರಲ್ಲಿ ಅಡಗಿದೆ. ಬಿದ್ದುದು ಬಿದ್ದಿರಲಿ. ನೋಡಲೇಬೇಕಾದರೆ ನಿಲ್ಲಿಸಿ ನೋಡು. ನಿಲ್ಲಿಸಲು ಬಿಡುವಿಲ್ಲದಿದ್ದರೆ ಲಗಾಮನ್ನು ಬೇರೊಬ್ಬನ ಕೈಗೆ ಕೊಡು.

ಆದರೆ ಸಾರಥಿಯೊಬ್ಬನಿಗೆ ಮಾತ್ರ ಬುದ್ಧಿ ಹೇಳಿದರೆ ಸಾಲದು. ಅವನ ಅವಧಾನವು ಕುಳಿತಿರುವವರೆಲ್ಲರ ಸೊತ್ತು. ಅದನ್ನು ಕಾಯುವ ಹೊಣೆಯೂ ಎಲ್ಲರದು. ಹೊರಡುವ ಮೊದಲೇ ಮಕ್ಕಳಿಗೆ ನೀರನ್ನೂ ತಿಂಡಿಯನ್ನೂ ಕೈಗೆಟುಕುವಂತೆ ಇಟ್ಟುಕೊಳ್ಳಬೇಕು. ಗಾಜನ್ನೂ ಕನ್ನಡಿಯನ್ನೂ ಅಂಗಳದಲ್ಲಿಯೇ ಒರೆಸಿಕೊಳ್ಳಬೇಕು. ಹಾಡು, ದಾರಿಯ ನಕ್ಷೆ, ಕಿಟಕಿಯಿಂದ ನುಗ್ಗಿದ ಕಣಜ, ಇವೆಲ್ಲ ಪಕ್ಕದಲ್ಲಿ ಕುಳಿತವರ ಪಾಲಿಗಿರಲಿ. ಗೃಹಿಣಿಯು ಮನೆಯ ಲೆಕ್ಕಾಚಾರವನ್ನೂ, ಹಿರಿಯರು ಆಸ್ತಿಯ ವ್ಯಾಜ್ಯವನ್ನೂ ಚಾಲಕನೊಡನೆ ಎತ್ತಬಾರದು. ಪೇಟೆಯೂ ಕೂಡುದಾರಿಯೂ ಬಂದಾಗ ಬೇರೆ ಮಾತನ್ನೂ ತಡೆಯಬೇಕು. ಮಗು ಅತ್ತರೆ ಅಳಲಿ. ಮರದ ನೆರಳು ಸಿಕ್ಕಲ್ಲಿ ವಾಹನವನ್ನು ಬದಿಗೆ ನಿಲ್ಲಿಸಿ ಸಮಾಧಾನಪಡಿಸಬಹುದು. ಮರವಂತೆಯ ಕಡಲು ನಾವು ಇಳಿದು ನೋಡುವವರೆಗೆ ಎಲ್ಲಿಗೂ ಹೋಗದು. ಗುಡಿಯಲ್ಲಿರುವ ದೇವರೂ ನಾವು ನಿಂತು ಕೈಮುಗಿಯುವವರೆಗೆ ಕಾದಿರುತ್ತಾನೆ.