ಅಟ್ಟೆಯ ಮೇಲಿಲ್ಲದ ಊರು

1987ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಮುಂಬಯಿಯ ಬಾಂದ್ರಾಕ್ಕೆ ಬಂದೆ. ಬೆಳಗಾವಿ ಜಿಲ್ಲೆಯ ಅಥಣಿಯಿಂದ ಬಸ್ಸಿನಲ್ಲಿ ಮೀರಜ, ಅಲ್ಲಿಂದ ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್, ಬೆಳಿಗ್ಗೆ ದಾದರಿನಲ್ಲಿ ಇಳಿದು ಲೋಕಲ್ ಗಾಡಿ. ತಲೆಯ ಮೇಲೆ ಗೋಣಿಚೀಲ, ಅದರ ತುಂಬ ಅಪ್ಪ ಹೊಲಿದ, ಅವ್ವ ಹೆಣೆದ ಜೋಡುಗಳು. ಮಳೆ ನಿಂತ ಮೇಲೆಯೇ ನಮ್ಮ ವ್ಯಾಪಾರ. ನೀರು ಕುಡಿದರೆ ತೊಗಲು ಉಳಿಯುವುದಿಲ್ಲ. ಲಿಂಕಿಂಗ್ ರೋಡಿನಲ್ಲಿ ನ್ಯಾಷನಲ್ ಕಾಲೇಜಿನ ಆಸುಪಾಸು ಸಾಲಾಗಿದ್ದ ಚಪ್ಪಲಿ ಅಂಗಡಿಗಳಲ್ಲಿ ಒಂದಕ್ಕೆ ಕಾಕಾ ಮಾಲು ಹಾಕುತ್ತಿದ್ದ. ನನ್ನನ್ನು ಅಲ್ಲೇ ಕೆಲಸಕ್ಕೆ ಬಿಟ್ಟು ಊರಿಗೆ ಹೋದ.

ಮೊದಲ ದಿನವೇ ಮಾಲೀಕರು ಒಂದು ಮಾತು ಹೇಳಿದರು: ಗಿರಾಕಿ ಕೇಳಿದರೆ ಕೊಲ್ಲಾಪುರದ ಮಾಲು ಅನ್ನು, ಅಥಣಿ ಅನ್ನಬೇಡ, ಆ ಹೆಸರು ಇಲ್ಲಿ ನಡೆಯುವುದಿಲ್ಲ. ನಾನು ಹಾಗೇ ಹೇಳುತ್ತ ಬಂದೆ.

ಆಗೆಲ್ಲ ವಿದೇಶಿ ಪ್ರವಾಸಿಗರು ಟ್ಯಾಕ್ಸಿ ಮಾಡಿಕೊಂಡು ಬರುತ್ತಿದ್ದರು. ಖಾದಿ ಜುಬ್ಬ, ಕಾಲ್ಗೆಜ್ಜೆ, ಹಣೆಗೆ ಕುಂಕುಮದ ಬೊಟ್ಟು. ಎಲ್ಲ ಆದ ಮೇಲೆ ಕೊನೆಗೆ ನಮ್ಮ ಅಂಗಡಿ. ಸೆಪ್ಟೆಂಬರಿನಲ್ಲಿ ಮೌಂಟ್ ಮೇರಿ ಜಾತ್ರೆಯ ವಾರ ಹಿಲ್ ರೋಡಿನ ತುಂಬ ಜನ. ಲುಗ್ಡೆ ಉಟ್ಟು ಬರುವ ಈಸ್ಟ್ ಇಂಡಿಯನ್ ಕ್ರೈಸ್ತ ಅಜ್ಜಿಯರನ್ನು ಕಂಡು ಬೇರೆ ಊರಿನವರು ನಿಂತು ಫೋಟೋ ತೆಗೆಯುವರು. ಆ ಸೀರೆ ಯಾರದು, ಯಾವ ಓಣಿಯವರದು ಎಂಬುದು ಬಾಂದ್ರಾದಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಎದುರು ರಾಶಿ ಬಿದ್ದ ಜೋಡುಗಳ ಊರು ಮಾತ್ರ ನನಗೊಬ್ಬನಿಗೇ ಗೊತ್ತು.

ಮೂರು ನಾಲ್ಕು ವರ್ಷದ ಮೇಲೆ ಒಮ್ಮೆ ಅಪ್ಪನೇ ಮಾಲು ಹೊತ್ತು ಬಂದ. ಅಂಗಡಿಯ ಮುಂದೆ ಬಿಳಿಯ ಹುಡುಗಿಯೊಬ್ಬಳು ನಮ್ಮ ಜೋಡನ್ನೇ ಮೆಟ್ಟಿ ನಿಂತಿದ್ದಳು, ವಾರದ ಹಿಂದೆ ಕೊಂಡದ್ದು. ಅಪ್ಪ ಅವಳ ಮುಖ ನೋಡಲಿಲ್ಲ, ಕಾಲನ್ನೇ ನೋಡಿದ. ಪಟ್ಟಿಯ ಮೇಲಿನ ಹೆಣಿಗೆ ಅವ್ವನ ಕೈಯದು. ಅದು ಅವನಿಗೆ ದೂರದಿಂದಲೇ ತಿಳಿಯಿತು. ಅವನಿಗೆ ಸಿಟ್ಟು ಬರಬಹುದೆಂದು ನಾನು ಅಂದುಕೊಂಡಿದ್ದೆ. ಅವಳು ತೊಟ್ಟ ಬಟ್ಟೆಗೂ ಆ ಜೋಡಿಗೂ ಹೊಂದಿಕೆಯೇ ಇರಲಿಲ್ಲ. ಅಪ್ಪ ನನ್ನ ತೋಳು ಹಿಡಿದು, "ಉಂಗುಟದ ಕಡೆ ಕಚ್ಚೇತಿ ನೋಡು. ಎಣ್ಣಿ ಹಚ್ಚಿ ಎರಡ್ ದಿನ ಇಡಂತ ಹೇಳಪಾ ಆಕೀಗೆ" ಅಂದ.

ಪರರ ಉಡುಪು ತೊಡುವುದು ಅಪಚಾರವೇ ಎಂಬ ಚರ್ಚೆ ಕೇಳಿದಾಗಲೆಲ್ಲ ನನಗೆ ಆ ಕಾಲು ನೆನಪಾಗುತ್ತದೆ. ಅದರ ಹಿಂದೆಯೇ ಅಜ್ಜನ ಕಾಲೂ. ನಮ್ಮದು ಸಮಗಾರರ ಮನೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಎಮ್ಮೆ ತೊಗಲನ್ನು ವಾರಗಟ್ಟಲೆ ಹದ ಮಾಡಿ, ರಂಪಿಗೆಯಿಂದ ಅಟ್ಟೆ ಕೊಯ್ದು, ಮೊಳೆಯಿಲ್ಲದೆ ತೊಗಲಿನ ಬಾರಿನಿಂದಲೇ ಹೊಲಿಯುತ್ತಿದ್ದ ಅಜ್ಜ, ಊರ ಗೌಡರ ಮನೆಯ ಮುಂದೆ ತಾನು ಮಾಡಿದ ಜೋಡನ್ನೇ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯಬೇಕಿತ್ತು. ಮನೆಯಲ್ಲಿ ಹರಳಯ್ಯ ಶರಣರ ಪಟವಿತ್ತು. ಅವರೂ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಜೋಡು ಮಾಡಿ ಬಸವಣ್ಣನವರಿಗೆ ಅರ್ಪಿಸಿದ, ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತ ಕಥೆಯನ್ನು ಅಜ್ಜ ಪ್ರತಿ ಸಲ ಕಣ್ಣೊರೆಸಿಕೊಂಡೇ ಹೇಳುತ್ತಿದ್ದ. ಆ ಜೋಡನ್ನು "ನಮ್ಮ ಪರಂಪರೆ" ಎಂದು ಊರಿನವರು ಕರೆಯತೊಡಗಿದ್ದು ಬಹಳ ತಡವಾಗಿ. ಹೊರಗಿನವರು ಅದನ್ನು ಮೆಟ್ಟಿದ್ದು ನನ್ನನ್ನು ಎಂದೂ ನೋಯಿಸಿಲ್ಲ. ಮಾಡಿದವನ ಹೆಸರು ಅಳಿಸಿದ್ದು ನೋಯಿಸಿದೆ, ಅದನ್ನು ಅಳಿಸಿದವರಲ್ಲಿ ನಾನೂ ಒಬ್ಬ.

90ರ ದಶಕದಲ್ಲಿ ರಸ್ತೆ ಬದಲಾಯಿತು. ರೆಕ್ಸಿನ್ ಪಟ್ಟಿ, ರಬ್ಬರ್ ಅಟ್ಟೆ, ಅಂಟಿನಿಂದ ಅಂಟಿಸಿದ ಮಾಲು ಬಂತು. ಅದನ್ನೂ ಕೊಲ್ಲಾಪುರಿ ಎಂದೇ ಮಾರಿದರು. ನೋಡಲು ಅದೇ ಆಕಾರ, ಬೆಲೆ ಅರ್ಧಕ್ಕಿಂತ ಕಡಿಮೆ. ಅವ್ವನ ಹೆಣಿಗೆಗೆ ಕೂಲಿ ಗಿಟ್ಟದಾಯಿತು. ನಮ್ಮ ಓಣಿಯ ಎಷ್ಟೋ ಹುಡುಗರು ರಂಪಿಗೆ ಕೆಳಗಿಟ್ಟರು. 2019ರಲ್ಲಿ ಕೊಲ್ಲಾಪುರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರದ ಜತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. ಕಾಗದದ ಮೇಲಾದರೂ ಬೆಳಗಾವಿ ಬಂತು. ಆ ಸುದ್ದಿಯ ಪೇಪರ್ ತುಣುಕನ್ನು ಇನ್ನೂ ಇಟ್ಟುಕೊಂಡಿದ್ದೇನೆ.

2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ವೇದಿಕೆಯ ಮೇಲೆ ಪ್ರಾಡಾ ಕಂಪನಿಯ ಗಂಡಸರು ಅದೇ ಉಂಗುಟದ ಜೋಡು ಮೆಟ್ಟಿ ನಡೆದರು. ಕಂಪನಿ ಅದನ್ನು ಬರೀ ತೊಗಲಿನ ಚಪ್ಪಲಿ ಎಂದಿತು, ಭಾರತದ ಹೆಸರೆತ್ತಲಿಲ್ಲ. ಗದ್ದಲವಾಯಿತು, ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪತ್ರ ಬರೆದ ಮೇಲೆ ಸ್ಫೂರ್ತಿ ಎಲ್ಲಿಯದೆಂದು ಕಂಪನಿ ಒಪ್ಪಿಕೊಂಡಿತು. ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈನಲ್ಲಿ ವಜಾ ಆಯಿತು, ಮಾನ್ಯತೆ ಪಡೆದವರೇ ಬರಬೇಕೆಂದು. ಭೌಗೋಳಿಕ ಸೂಚಕ ಕಾಯುವುದು ಮುಖ್ಯವಾಗಿ ಹೆಸರನ್ನು. ಹೆಸರೇ ಹೇಳದೆ ಆಕಾರ ಒಯ್ದವರನ್ನು ಅದರಿಂದ ಹಿಡಿಯುವುದು ಕಷ್ಟ. ಲಿಂಕಿಂಗ್ ರೋಡಿನಲ್ಲಿ ಹೆಸರು ಹೇಳಿ ಸುಳ್ಳು ಮಾಲು ಮಾರಿದರು, ಮಿಲಾನ್‌ನಲ್ಲಿ ಹೆಸರು ಬಿಟ್ಟು ಆಕಾರ ತೋರಿಸಿದರು. ಹೊಡೆತ ಬಿದ್ದದ್ದು ಒಂದೇ ಓಣಿಗೆ.

ಡಿಸೆಂಬರಿನಲ್ಲಿ ಬೇರೆ ಸುದ್ದಿ ಬಂತು. ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ನಿಗಮಗಳ ಜತೆ ಪ್ರಾಡಾ ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯಗಳ ಕುಶಲಕರ್ಮಿಗಳಿಂದ 2,000 ಜೊತೆ ಮಾಡಿಸುವುದಾಗಿ ಹೇಳಿತು. ಒಂದು ಜೊತೆಗೆ ಸುಮಾರು 800 ಯೂರೋ, ಅಂದರೆ 80,000 ರೂಪಾಯಿಗೂ ಮೇಲೆ. ಅದರಲ್ಲಿ ಹೆಣೆಯುವ ಹೆಂಗಸಿಗೆ ಎಷ್ಟು ಸೇರುತ್ತದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಈಚೆಗೆ ಒಂದು ಸಂಜೆ ಲಿಂಕಿಂಗ್ ರೋಡಿಗೆ ಹೋಗಿದ್ದೆ. ನಾನು ಕೂರುತ್ತಿದ್ದ ಜಾಗದಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿವೆ. ಎರಡು ಅಂಗಡಿ ಆಚೆ, ಹೊಳೆಯುವ ರೆಕ್ಸಿನ್ ಮಾಲಿನ ಕೆಳಗೆ, ಧೂಳು ಹಿಡಿದ ನಿಜವಾದ ಜೋಡೊಂದು ಸಿಕ್ಕಿತು. ಎಲ್ಲಿಯದೆಂದು ಕೇಳಿದೆ. ಹುಡುಗ ಹಿಂದಿಯಲ್ಲಿ ಕೊಲ್ಲಾಪುರ ಅಂದ. ನಾನು ಅದನ್ನು ತಿರುಗಿಸಿ, ಅಂಚಿನ ಬಾರಿನ ಹೊಲಿಗೆಯ ಮೇಲೆ ಬೆರಳಾಡಿಸಿ, "ಇದು ಅಥಣಿದು" ಅಂದೆ.

ಅದೆಲ್ಲಿದೆ ಎಂದು ಕೇಳಿದ. ದಾದರಿನಲ್ಲಿ ರಾತ್ರಿ ಗಾಡಿ ಹತ್ತು, ಮೀರಜದಲ್ಲಿ ಇಳಿ, ಅಲ್ಲಿಂದ ಬಸ್ಸು ಎಂದು ಹೇಳಿದೆ.